ಹಳೆ ಬೀರು, ಫ್ರಿಜ್ಜು, ಹಂಡೆ: ಗಾಡಿ ಹೊರಡುವ ಮುಂಚೆ ಮಾತಾಡಿಕೊಳ್ಳಬೇಕಾದ್ದು

ಹಳೆ ಸಾಮಾನಿನ ರೇಟು ಫೋನಿನಲ್ಲೇ ಕುದುರಿರುತ್ತದೆ. ಜಗಳ ಹತ್ತಿಕೊಳ್ಳುವುದು ಗಾಡಿ ಅಂಗಳಕ್ಕೆ ಬಂದು ನಿಂತ ಮೇಲೆ. ಬೀರು ಬಾಗಿಲಲ್ಲಿ ಹೊರಳುವುದಿಲ್ಲ, ಮಂಚ ಬಿಚ್ಚಿಟ್ಟಿಲ್ಲ, ಎತ್ತಲು ಜನ ನೀವು ಕರೆಸಬೇಕಿತ್ತು ಎಂದು ಕೊಂಡವರು, ನೀವೇ ತರಬೇಕಿತ್ತು ಎಂದು ಮಾರಿದವರು. ಅಷ್ಟರಲ್ಲಿ ಡ್ರೈವರ್ ವೇಟಿಂಗ್ ಚಾರ್ಜಿನ ಮಾತು ತೆಗೆಯುತ್ತಾನೆ. ಹೊಸಿಲು ದಾಟಿ ಗಾಡಿ ಏರುವವರೆಗಿನ ನಲವತ್ತೈವತ್ತು ಹೆಜ್ಜೆಯ ಹೊಣೆ ಯಾರದ್ದು ಎಂದು ಯಾರೂ ಮಾತಾಡಿರುವುದಿಲ್ಲ. ತಕರಾರಿನ ಬೇರು ಅಲ್ಲಿದೆ. ಶಿವಮೊಗ್ಗದ ವಿನೋಬನಗರದಿಂದ ಗೋಪಾಳಕ್ಕೆ ಸಾಗಿಸುವುದಾದರೆ ಒಂದು ಗಂಟೆಯ ತಲೆನೋವಿನಲ್ಲಿ ಮುಗಿದೀತು. ತೀರ್ಥಹಳ್ಳಿ, ಹೊಸನಗರ ಕಡೆಯ ಒಂಟಿಮನೆಗೆ ಹೋಗಿ ಖಾಲಿ ಗಾಡಿಯಲ್ಲಿ ವಾಪಸಾದರೆ ಒಂದು ದಿನವೂ ಬಾಡಿಗೆಯೂ ಎರಡೂ ಹೋಯಿತು.

ಅಳತೆಯಿಂದ ಶುರುಮಾಡಿ

ಫೋಟೋ ನೋಡಿ ಒಪ್ಪಿಕೊಂಡರೆ ಸಾಲದು, ಟೇಪು ಹಿಡಿದ ಫೋಟೋ ಕೇಳಿ. ಮಾಮೂಲಿ ದೊಡ್ಡ ಸ್ಟೀಲ್ ಬೀರು 78 ಇಂಚು ಎತ್ತರ, 36 ಇಂಚು ಅಗಲ, 19 ಇಂಚು ಆಳ ಇರುತ್ತದೆ. ಮಲೆನಾಡಿನ ಹಳೆ ಮನೆಗಳ ಬಾಗಿಲು ಅಷ್ಟು ಎತ್ತರ ಇರುವುದಿಲ್ಲ, ಹಾಗಾಗಿ ಬೀರನ್ನು ಮಲಗಿಸಿಯೇ ತರಬೇಕು. ಮಲಗಿಸಿ ಒಳಗೆ ತಂದದ್ದನ್ನು ಎತ್ತಿ ನಿಲ್ಲಿಸುವಾಗ ಅದರ ಮೂಲೆ 78 ಇಂಚಿಗೆ ನಿಲ್ಲದೆ 80 ಇಂಚು ದಾಟಿ ಮೇಲಕ್ಕೆ ಹೋಗುತ್ತದೆ. ಎತ್ತರ ಮತ್ತು ಆಳದ ಕರ್ಣದ ಲೆಕ್ಕ ಅದು. ನಾಗಂದಿಗೆಯೋ ಅಟ್ಟದ ತೊಲೆಯೋ ನೆಲದಿಂದ 81 ಇಂಚಿಗಿಂತ ಕೆಳಗಿದ್ದರೆ ಬೀರು ಒಳಗೆ ಬಂದರೂ ನಿಲ್ಲುವುದಿಲ್ಲ. ಕೊಳ್ಳುವವರು ತಮ್ಮ ಮನೆಯಲ್ಲಿ ಈ ಅಳತೆ ನೋಡಿರುವುದಿಲ್ಲ, ಆಮೇಲೆ ವಾಪಸ್ ತಗೊಳ್ಳಿ ಎಂದು ಫೋನು ಮಾಡುತ್ತಾರೆ. ಮಾರಿದವರ ತಪ್ಪು ಇದರಲ್ಲಿ ಏನೂ ಇಲ್ಲ, ವಾಪಸ್ ತೆಗೆದುಕೊಳ್ಳಲೇಬೇಕು ಎನ್ನುವುದು ನ್ಯಾಯವೂ ಅಲ್ಲ.

ಹಾಗೆಯೇ ಮಾರುವವರ ಮನೆಯ ಬಾಗಿಲು, ಮೆಟ್ಟಿಲಿನ ತಿರುವು, ಜಗಲಿಯಿಂದ ರಸ್ತೆವರೆಗಿನ ದಾರಿ ಇವನ್ನೂ ಕೇಳಿ. ಗಾಡಿ ಅಂಗಳಕ್ಕೇ ಬರುತ್ತದೆಯೇ, ದಣಪೆಯ (ಬೇಲಿಯ ಗೇಟಿನ) ಹತ್ತಿರ ನಿಲ್ಲುತ್ತದೆಯೇ? ನಡುವೆ ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ಇದ್ದರೆ ಅದರ ಅಗಲ ಎಷ್ಟು? ಟಾಟಾ ಏಸ್ ಗಾಡಿಯ ತೊಟ್ಟಿ ಸುಮಾರು ಏಳು ಅಡಿ ಉದ್ದ, ಐದು ಅಡಿಗೆ ಸ್ವಲ್ಪ ಕಡಿಮೆ ಅಗಲ. ಬೀರು ಮಲಗಿಸಿದರೆ ಹಿಡಿಸುತ್ತದೆ. ಡಬಲ್ ಕಾಟಿನ ತಲೆಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟಬೇಕು, ಹಾಗಾಗಿ ಹಗ್ಗ, ಗೋಣಿಚೀಲ, ಮಳೆಗಾಲದಲ್ಲಿ ಟಾರ್ಪಾಲು ಯಾರು ತರುವುದು ಎಂಬುದೂ ಮಾತಾಗಿರಲಿ. ಸಿಗಂದೂರು, ತುಮರಿ ಕಡೆಗೆ ಹೋಗಲು ಮುಂಚೆ ಶರಾವತಿ ಹಿನ್ನೀರಿನಲ್ಲಿ ಲಾಂಚಿನ ಸರತಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಆ ಚಿಂತೆ ತಪ್ಪಿದೆ. ಆಗುಂಬೆ ಘಾಟಿ ಇಳಿದು ಹೋಗುವ ಸಾಮಾನಾದರೆ ಮಳೆಗಾಲದಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಹಾಕುವುದುಂಟು, ದಿನ ಗೊತ್ತುಮಾಡುವ ಮುಂಚೆ ವಿಚಾರಿಸಿ.

ಒಂದು ಮೆಸೇಜು ಬರೆದುಬಿಡಿ

ಬಾಯಿಮಾತನ್ನು ನಂಬಬೇಡಿ ಎಂದಲ್ಲ. ಒಪ್ಪಿದ್ದೇನು ಎಂಬುದು ಎರಡು ದಿನದಲ್ಲಿ ಇಬ್ಬರ ತಲೆಯಲ್ಲೂ ಬೇರೆಬೇರೆ ಆಗಿರುತ್ತದೆ. ವಾಟ್ಸಾಪಿನಲ್ಲಿ ಇಷ್ಟು ಬರೆದು, ಆ ಕಡೆಯಿಂದ "ಸರಿ" ಎಂಬ ಉತ್ತರ ಬಂದ ಮೇಲೆಯೇ ಗಾಡಿ ಗೊತ್ತುಮಾಡಿ:

"ಬೀರು, ಮಂಚ ಎರಡೂ ಸೇರಿ 9,500. ಈಗ ಅಡ್ವಾನ್ಸ್ 1,000, ಉಳಿದದ್ದು ಸಾಮಾನು ನೋಡಿ ಗಾಡಿಗೆ ಹತ್ತಿಸೋ ಮುಂಚೆ. ಭಾನುವಾರ ಬೆಳಿಗ್ಗೆ 10ರಿಂದ 12ರೊಳಗೆ ಬರ್ತೇವೆ. ಮಂಚ ಬಿಚ್ಚಿಡೋದು ನೀವು, ಬೋಲ್ಟು-ನಟ್ಟು ಕವರಿಗೆ ಹಾಕಿ ಮಂಚಕ್ಕೇ ಕಟ್ಟಿಡಿ. ಎತ್ತೋಕೆ ಇಬ್ಬರನ್ನ ನಾವು ಕರ್ಕೊಂಡು ಬರ್ತೇವೆ, ಇಬ್ಬರು ನಿಮ್ಮ ಕಡೆಯವರು. ಗಾಡಿ ದಣಪೆ ತನಕ ಮಾತ್ರ. ಗಾಡಿಗೆ ಹತ್ತಿಸೋ ತನಕ ಜವಾಬ್ದಾರಿ ನಿಮ್ದು, ಆಮೇಲೆ ನಮ್ದು. ಮಳೆ ಬಂದು ಬರೋಕಾಗದಿದ್ರೆ ಬುಧವಾರದ ತನಕ ಬೇರೆಯವರಿಗೆ ಕೊಡಬೇಡಿ. ಹೇಳಿದ ಹಾಗೆ ಸಾಮಾನು ಇಲ್ಲದಿದ್ರೆ ಅಡ್ವಾನ್ಸ್ ವಾಪಸ್, ಬಾಡಿಗೆ ಅರ್ಧ ನಿಮ್ದು."

ಇದರಲ್ಲಿ ಜವಾಬ್ದಾರಿಯ ಸಾಲು ಬಹಳ ಮುಖ್ಯ. 1930ರ ಸರಕು ಮಾರಾಟ ಕಾಯ್ದೆಯ 20 ಮತ್ತು 26ನೇ ಕಲಮಿನ ಪ್ರಕಾರ, ಒಯ್ಯಲು ತಯಾರಿರುವ ಗೊತ್ತಾದ ವಸ್ತುವನ್ನು ಷರತ್ತಿಲ್ಲದೆ ಕೊಂಡಾಗ, ಬೇರೆ ಮಾತು ಆಗಿರದಿದ್ದರೆ, ಒಪ್ಪಂದ ಆದ ಗಳಿಗೆಯಲ್ಲೇ ಅದು ಕೊಂಡವರದ್ದಾಗುತ್ತದೆ. ದುಡ್ಡು ಬಾಕಿ ಇದ್ದರೂ ಅಷ್ಟೇ, ಸಾಮಾನು ಇನ್ನೂ ಮಾರಿದವರ ಕೊಟ್ಟಿಗೆಯಲ್ಲೇ ಇದ್ದರೂ ಅಷ್ಟೇ. ನಷ್ಟದ ಭಾರವೂ ಅದರ ಜೊತೆಗೇ ಹೋಗುತ್ತದೆ. ಅಂದರೆ ಶನಿವಾರ ರಾತ್ರಿ ಕೊಟ್ಟಿಗೆಯ ಮೇಲೆ ಮರ ಬಿದ್ದು ಬೀರು ಜಜ್ಜಿಹೋದರೆ ಅದು ನಿಮ್ಮ ಬೀರು ಎಂದು ಮಾರಿದವರು ವಾದಿಸಬಹುದು. ಮೆಸೇಜಿನ ಆ ಒಂದು ಸಾಲು ಇದನ್ನು ತಪ್ಪಿಸುತ್ತದೆ. ಇನ್ನೊಂದು ಕಡೆ, ಕೊಂಡವರು ಇವತ್ತು ನಾಳೆ ಎಂದು ದಿನ ತಳ್ಳಿದರೆ, ಅಷ್ಟು ದಿನ ಜೋಪಾನ ಮಾಡಿದ್ದಕ್ಕೆ ನ್ಯಾಯವಾದ ಖರ್ಚು ಕೇಳಲು 44ನೇ ಕಲಮಿನಲ್ಲಿ ಮಾರಿದವರಿಗೆ ಅವಕಾಶ ಇದೆ.

ಬಚ್ಚಲ ಹಂಡೆ

ಮಲೆನಾಡಿನಲ್ಲಿ ಇದರಷ್ಟು ಮಾತಿಗೆ ಮಾತು ಬೆಳೆಸುವ ಸಾಮಾನು ಇನ್ನೊಂದಿಲ್ಲ. ತಾಮ್ರದ ಹಂಡೆ ಒಲೆಗೆ ಕೂತಿರುತ್ತದೆ, ಸುತ್ತ ಮಣ್ಣೋ ಸಿಮೆಂಟೋ ಮೆತ್ತಿರುತ್ತಾರೆ. ಕೊಳ್ಳುವವರು ಬಂದಾಗ ಹಂಡೆ ಒಲೆಯಲ್ಲೇ ಇದೆ! ಒಲೆ ಒಡೆಯುವವರು ಯಾರು? ಅದೇ ಕಾಯ್ದೆಯ 36ನೇ ಕಲಮು ಹೇಳುವಂತೆ, ಬೇರೆ ಮಾತು ಆಗಿರದಿದ್ದರೆ, ವಸ್ತುವನ್ನು ಒಯ್ಯುವ ಸ್ಥಿತಿಗೆ ತರುವ ಖರ್ಚು ಮಾರುವವರದ್ದು. ಆದ್ದರಿಂದ ಹಿಂದಿನ ದಿನವೇ ಒಲೆ ಬಿಡಿಸಿ, ಹಂಡೆ ತಣ್ಣಗಾಗಿ ಹೊರಗೆ ಬಂದಿರಬೇಕು. ಕೊಳ್ಳುವವರ ಕಡೆಯವರು ಹಾರೆ ಹಾಕಿ ಮೀಟಿದರೆ ಹಂಡೆಯ ಕಂಠ ನೆಗ್ಗುತ್ತದೆ, ಬಚ್ಚಲ ಗೋಡೆಯೂ ಬಿರುಕು ಬಿಡುತ್ತದೆ, ಆಗ ಎರಡು ಜಗಳ.

ಮುಂದಿನದು ತೂಕ. ಕಿಲೋ ಲೆಕ್ಕದಲ್ಲಿ ಮಾತಾಗಿದ್ದರೆ ಯಾವ ಸ್ಥಿತಿಯಲ್ಲಿ ತೂಗುವುದು ಎಂದು ಹೇಳಿಕೊಂಡಿರಬೇಕು. ಹೊರಗಡೆ ವರ್ಷಗಟ್ಟಲೆಯ ಮಸಿ, ತಳಕ್ಕೆ ಅಂಟಿದ ಒಲೆಮಣ್ಣು, ಕೆಲವದಕ್ಕೆ ಕಬ್ಬಿಣದ ಬಳೆ. ಅಡಿಕೆ ಬೇಯಿಸಿದ ಹಂಡೆಯಾದರೆ ಒಳಗೆ ಚೊಗರು ಕಟ್ಟಿ ಗಟ್ಟಿ ಪದರವಾಗಿರುತ್ತದೆ. ಇವೆಲ್ಲ ತಾಮ್ರದ ರೇಟಿನಲ್ಲಿ ಹೋಗುತ್ತವೆ. ಕೆರೆದು, ಬಳೆ ತೆಗೆದು, ಇಬ್ಬರ ಎದುರೇ ತೂಗಿ. ಮನೆಯ ತಕ್ಕಡಿಯ ಮೇಲೆ ಅನುಮಾನ ಇದ್ದರೆ ಮೊದಲು ಸೀಲ್ ಒಡೆಯದ 25 ಕಿಲೋ ಅಕ್ಕಿ ಚೀಲ ತೂಗಿ ನೋಡಿ, ತಕ್ಕಡಿ ಎಷ್ಟು ಆಚೀಚೆ ಇದೆ ಎಂದು ಗೊತ್ತಾಗುತ್ತದೆ. ಬಳಸಲು ಕೊಳ್ಳುವವರಾದರೆ ಹಂಡೆಯ ತುಂಬ ನೀರು ಹಾಕಿ ಅರ್ಧ ಗಂಟೆ ಇಟ್ಟು, ತಳ ಒರೆಸಿ ನೋಡಿ. ಖಾಲಿ ಹಂಡೆಯನ್ನು ಬಿಸಿಲಿಗೆ ಹಿಡಿದು ಒಳಗಿನಿಂದ ನೋಡಿದರೆ ಸೂಜಿಮೊನೆಯಷ್ಟು ತೂತೂ ಹೊಳೆಯುತ್ತದೆ.

ಫ್ರಿಜ್ಜು ಮತ್ತು ವಾಷಿಂಗ್ ಮೆಷಿನ್

"ಕೊಟ್ಟಾಗ ಚೆನ್ನಾಗಿತ್ತು", "ತಂದು ಹಾಕಿದರೆ ತಣ್ಣಗಾಗುತ್ತಿಲ್ಲ". ಹೆಚ್ಚಿನ ಸಲ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಕೆಟ್ಟಿರುವುದು ದಾರಿಯಲ್ಲಿ.

ಹಿಂದಿನ ರಾತ್ರಿಯಿಂದ ಫ್ರಿಜ್ಜು ಆನ್ ಇಟ್ಟಿರಲು ಹೇಳಿ, ಹೋದಾಗ ಐಸು ಕಟ್ಟಿದೆಯೇ ನೋಡಿ. ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದರೆ ಬಿಗಿ ಸಿಗಬೇಕು, ಸಲೀಸಾಗಿ ಜಾರಿದರೆ ರಬ್ಬರು ಹೋಗಿದೆ. ಹಿಂದಿನ ಪೈಪಿನಲ್ಲಿ ಎಣ್ಣೆ ಕಲೆ ಕಂಡರೆ ಗ್ಯಾಸು ಸೋರುತ್ತಿರಬಹುದು. ಜೂನ್-ಜುಲೈನಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಇರುತ್ತದೋ ಹೇಳಲಾಗದು, ಹೊರಡುವ ಮುಂಚೆ ಕರೆಂಟು ಇದೆಯೇ ಎಂದು ಫೋನು ಮಾಡಿ. ಇಲ್ಲದಿದ್ದರೆ ದಿನ ಮುಂದೆ ಹಾಕಿ, ಪರೀಕ್ಷೆ ಮಾಡದ ಫ್ರಿಜ್ಜು ಹತ್ತಿಸಬೇಡಿ.

ಪರೀಕ್ಷೆ ಆದ ಮೇಲೆ ಒಂದು ಅಪಾಯ ಇದೆ. ಸಿಂಗಲ್ ಡೋರ್ ಫ್ರಿಜ್ಜಿನ ಫ್ರೀಜರಿನಲ್ಲಿ ಐಸು ದಪ್ಪಗೆ ಹತ್ತಿರುತ್ತದೆ. ಗಾಡಿ ಕಾಯುತ್ತಿದೆ ಎಂಬ ಅವಸರಕ್ಕೆ ಯಾರೋ ಅಡುಗೆಮನೆಯ ಚಾಕು ತಂದು ಕೆತ್ತುತ್ತಾರೆ. ಫ್ರೀಜರಿನ ಗೋಡೆಯೊಳಗೇ ಗ್ಯಾಸಿನ ದಾರಿ ಇದೆ, ಚಾಕುವಿನ ತುದಿ ತಾಗಿದರೆ ಸುಯ್ ಎಂದು ಗ್ಯಾಸು ಹೋಯಿತು, ಫ್ರಿಜ್ಜಿನ ಕಥೆ ಅಲ್ಲಿಗೆ ಮುಗಿಯಿತು. ಐಸು ಇದ್ದ ಹಾಗೇ ಇರಲಿ, ದಾರಿಯಲ್ಲಿ ಕರಗಲಿ. ಹಿಂದಿನ ನೀರಿನ ತಟ್ಟೆ ಖಾಲಿ ಮಾಡಿ, ಗಾಜಿನ ತಟ್ಟೆ ಬೇರೆ ಸುತ್ತಿ, ಬಾಗಿಲನ್ನು ಬಟ್ಟೆಯಿಂದ ಕಟ್ಟಿ. ನಿಲ್ಲಿಸಿಯೇ ಸಾಗಿಸಿ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತದೆ, ಆ ಸ್ಥಿತಿಯಲ್ಲಿ ಆನ್ ಮಾಡಿದರೆ ಕಂಪ್ರೆಸರ್ ಕೆಡುತ್ತದೆ. ನಿಲ್ಲಿಸಿ ತಂದಿದ್ದರೆ ನಾಲ್ಕು ಗಂಟೆ, ಮಲಗಿಸಲೇಬೇಕಾಗಿ ಬಂದಿದ್ದರೆ ಒಂದಿಡೀ ದಿನ ನೆಟ್ಟಗೆ ಬಿಟ್ಟು ಆಮೇಲೆ ಪ್ಲಗ್ ಹಾಕಿ. ಹೇಗೆ ತಂದಿರಿ ಎಂದು ಮಾರಿದವರು ಕೇಳಿದಾಗ ತೋರಿಸಲು, ಗಾಡಿಯಲ್ಲಿ ಕಟ್ಟಿದ ಮೇಲೆ ಒಂದು ಫೋಟೋ ಇರಲಿ.

ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ನಿಗೆ ಹೊಸದರಲ್ಲಿ ಹಿಂಬದಿಗೆ ಸಾಗಾಣಿಕೆಯ ಬೋಲ್ಟುಗಳು ಬಂದಿರುತ್ತವೆ, ಸಾಮಾನ್ಯವಾಗಿ ಮೂರೋ ನಾಲ್ಕೋ. ಅವು ಇವೆಯೇ ಕೇಳಿ. ಡ್ರಮ್ಮು ಸ್ಪ್ರಿಂಗಿನ ಮೇಲೆ ತೂಗುತ್ತಿರುತ್ತದೆ, ಬೋಲ್ಟು ಹಾಕದೆ ಮಲೆನಾಡಿನ ಗುಂಡಿರಸ್ತೆಯಲ್ಲಿ ತಂದರೆ ಕುಣಿದು ಕುಣಿದು ಒಳಗೆಲ್ಲ ಬಡಿಯುತ್ತದೆ.

ಮರದ ಸಾಮಾನು

ಕಾಲಿನ ತಳ, ಹಿಂಬದಿಯ ಹಲಗೆ, ಡ್ರಾಯರಿನ ಅಡಿ ಇವಿಷ್ಟನ್ನು ಟಾರ್ಚು ಹಿಡಿದು ನೋಡಿ. ಮಣ್ಣಿನ ಗೆರೆ ಇದ್ದರೆ ಗೆದ್ದಲು, ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ. ಮಳೆಗಾಲದಲ್ಲಿ ಡ್ರಾಯರು ಬಿಗಿಯುವುದು ದೋಷವಲ್ಲ, ಮರ ಉಬ್ಬಿರುತ್ತದೆ. ಅದನ್ನು ತೋರಿಸಿ ಬಾಗಿಲಲ್ಲಿ ನಿಂತು ರೇಟು ಇಳಿಸುವುದು ಸರಿಯಲ್ಲ. ಹೇಳದೆ ಮುಚ್ಚಿಟ್ಟ ದೋಷ ಸಿಕ್ಕರೆ ರಿಪೇರಿಗೆ ಎಷ್ಟಾಗುತ್ತದೋ ಅಷ್ಟು ಕಡಿಮೆ ಮಾಡಿ ಎಂದು ಕೇಳುವುದು ಸರಿ. ಎರಡಕ್ಕೂ ಇರುವ ಅಂತರ ಗೊತ್ತಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಪುಡಿಮರ ಒತ್ತಿ ಮಾಡಿದ ಹಲಗೆಯ ವಾರ್ಡ್‌ರೋಬು ಮಾತ್ರ ಬಿಚ್ಚಿ ಕೂಡಿಸುವ ಸಾಮಾನಲ್ಲ. ಎರಡನೇ ಸಲ ಸ್ಕ್ರೂ ಹಿಡಿಯುವುದಿಲ್ಲ. ಇಡಿಯಾಗಿ ಹೊರಗೆ ಬರುವಂತಿದ್ದರೆ ಮಾತ್ರ ಕೊಳ್ಳಿ.

ಬೀರಿನ ಲಾಕರು, ಡ್ರಾಯರುಗಳನ್ನು ಎತ್ತುವ ಮುಂಚೆ ಇಬ್ಬರೂ ಕೂಡಿ ತೆರೆದು ನೋಡಿ, ಎಷ್ಟು ಕೀ ಕೊಟ್ಟರು ಎಂದು ಎಣಿಸಿಕೊಳ್ಳಿ. ಒಳಗಿದ್ದ ಪತ್ರ ಕಾಣುತ್ತಿಲ್ಲ, ಉಂಗುರ ಕಾಣುತ್ತಿಲ್ಲ ಎಂಬ ಮಾತು ಆಮೇಲೆ ಬಂದರೆ ಸಂಬಂಧವೇ ಕೆಡುತ್ತದೆ. ಕಾವಿ ನೆಲದ ಮೇಲೆ ಕಬ್ಬಿಣದ ಕಾಲು ಎಳೆದರೆ ಬೀಳುವ ಗೀರು ಹೋಗುವುದಿಲ್ಲ, ನಾಲ್ಕೂ ಕಾಲಿನ ಕೆಳಗೆ ಒದ್ದೆ ಮಾಡದ ಗೋಣಿಚೀಲ ಹಾಕಿ ಸರಿಸಿ.

ಹಳೆ ಮನೆ ಬಿಚ್ಚಿದ ತೊಲೆ, ಬೀಟೆ-ತೇಗದ ಹಲಗೆ ಕೊಳ್ಳುವುದಾದರೆ ಮೊದಲು ಅಲ್ಲಿಯ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಸಾಗಾಣಿಕೆ ಪಾಸಿನ ವಿಚಾರ ಕೇಳಿ. ಪಾಸು ಯಾರು ಮಾಡಿಸುವುದು ಎಂಬುದು ರೇಟಿನ ಜೊತೆಗೇ ತೀರ್ಮಾನ ಆಗಬೇಕು. ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತ ಮೇಲೆ ಅಲ್ಲ.

ದುಡ್ಡು

ಅಡ್ವಾನ್ಸ್ ಹತ್ತನೇ ಒಂದು ಪಾಲು ಸಾಕು. ನೋಡದೆ ಪೂರ್ತಿ ಹಾಕಬೇಡಿ. ಕಾಡಿನ ನಡುವಿನ ಮನೆಗಳಲ್ಲಿ ನೆಟ್‌ವರ್ಕ್ ಸಿಗದೆ ಯುಪಿಐ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ: ಇವರ ಖಾತೆಯಿಂದ ಹೋಗಿದೆ, ಅವರಿಗೆ ಬಂದಿಲ್ಲ. ನಗದು ಒಯ್ಯುವುದೇ ವಾಸಿ. ಹಾಗೆ ಸಿಕ್ಕಿಕೊಂಡ ದುಡ್ಡು ಆರ್‌ಬಿಐ ನಿಯಮದ ಪ್ರಕಾರ ಮಾರನೆಯ ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ಮಾರುವವರು ಎದುರಿನವರ ಫೋನಿನ ಹಸಿರು ಟಿಕ್ ನೋಡಿ ಗಾಡಿ ಬಿಡಬಾರದು, ತಮ್ಮ ಖಾತೆಗೆ ಬಂದಿದೆಯೇ ನೋಡಬೇಕು. ದುಡ್ಡು ಪಡೆಯಲು ಪಿನ್ ಒತ್ತಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಎಂದು ಯಾರಾದರೂ ಹೇಳಿದರೆ ಅದು ಮೋಸ. ಪಿನ್ ಬೇಕಾಗುವುದು ಕೊಡಲಿಕ್ಕೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ.

ಗಾಡಿ ಹೊರಡುವ ಮುಂಚೆ ಒಂದು ಹಾಳೆಯಲ್ಲಿ ತಾರೀಕು, ಇಬ್ಬರ ಹೆಸರು, ಸಾಮಾನು, ಫ್ರಿಜ್ಜಾದರೆ ಲೇಬಲಿನ ಸೀರಿಯಲ್ ನಂಬರು, ಕೊಟ್ಟ ಮೊತ್ತ, ಕಂಡ ದೋಷ ಬರೆದು ಇಬ್ಬರೂ ಸಹಿ ಮಾಡಿ. ದಾರಿಯಲ್ಲಿ ಪೊಲೀಸರು ಕೇಳಿದರೆ ಇದೇ ಆಧಾರ.

ಇಷ್ಟರ ಮೇಲೂ ತಕರಾರು ಬಂದರೆ, ಮಾರಿದವರು ಅಂಗಡಿಯವರೋ ಮನೆಯವರೋ ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ. ಹಳೆ ಸಾಮಾನಿನ ಅಂಗಡಿಯಿಂದ ಮನೆಬಳಕೆಗೆ ಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915, ಅದಾದ ಮೇಲೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ತಮ್ಮ ಮನೆಯ ಸಾಮಾನು ಮಾರಿದ ಸಾಮಾನ್ಯರ ಮೇಲೆ ಆ ದಾರಿ ನಡೆಯುವುದಿಲ್ಲ. ಅಲ್ಲಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲು ಯತ್ನಿಸುತ್ತಾರೆ. ಸಹಾಯವಾಣಿ 15100. ಹೋಗುವಾಗ ಆ ಮೆಸೇಜು, ಸಹಿ ಮಾಡಿದ ಹಾಳೆ, ಗಾಡಿಯಲ್ಲಿ ಕಟ್ಟಿದ ಮೇಲೆ ತೆಗೆದ ಫೋಟೋ ಮೂರನ್ನೂ ಒಯ್ಯಿರಿ.