ಸಹಿ ಹಾಕುವ ಮೊದಲು ಕರಾರನ್ನು ಹೀಗೆ ನೋಡಿ

ಮುಂಬೈ ಕಡೆ ಮಾಟುಂಗದಿಂದ ಡೊಂಬಿವಲಿವರೆಗೆ ನಮ್ಮವರು ಹೋಟೆಲನ್ನು ಕಂಡಕ್ಟಿಂಗ್‌ಗೆ ಹಿಡಿಯುವುದು, ಅಂದರೆ ಮಾಲೀಕರಿಗೆ ಹಣ ಕಟ್ಟಿ ಅವರ ಹೋಟೆಲನ್ನು ತಾವು ನಡೆಸುವುದು, ಹೊಸದಲ್ಲ. ಮಾಲೀಕರು ಊರ ಕಡೆಯವರು, ನಂಬಿಕೆ ಜಾಸ್ತಿ. ಕರಾರುಪತ್ರ ಮಾತ್ರ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ‘ಸ್ಟ್ಯಾಂಪ್ ಪೇಪರ್ ಇದೆ, ನೋಟರಿ ಸೀಲೂ ಬಿದ್ದಿದೆ, ಇನ್ನೇನು?’ ಎಂದು ಸಹಿ ಹಾಕಿಬಿಡುತ್ತೇವೆ. ಆದರೆ ಸೀಲು ಬಿದ್ದ ಮಾತ್ರಕ್ಕೆ ಕರಾರು ಸಿಂಧುವಾಗುವುದಿಲ್ಲ. ಏನೇನು ಇರಬೇಕು ಎಂಬುದನ್ನು 1872ರ ಭಾರತೀಯ ಕರಾರು ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ.

ಮೊದಲು, ಸಹಿ ಹಾಕುವವರು ಯಾರು ನೋಡಿ. ವಯಸ್ಸು 18 ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು. 17ರ ತಮ್ಮನಿಂದ ಸಹಿ ಹಾಕಿಸಿದ ಕರಾರು ಹುಟ್ಟುವಾಗಲೇ ಅಸಿಂಧು. ಅವನಿಗೆ 18 ತುಂಬಿದ ಮೇಲೆ ‘ಒಪ್ಪಿದೆ’ ಎಂದರೂ ಅದಕ್ಕೆ ಜೀವ ಬರುವುದಿಲ್ಲ. 1903ರ ಮೋಹರಿ ಬೀಬಿ ಪ್ರಕರಣದಲ್ಲಿ ಅಪ್ರಾಪ್ತನೊಬ್ಬ ಮನೆ ಅಡವಿಟ್ಟು ಸಾಲ ತೆಗೆದಿದ್ದ. ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ ಮುಂದೆ ಆ ಅಡಮಾನ ನಿಲ್ಲಲಿಲ್ಲ, ಕೊಟ್ಟ ಸಾಲವೂ ವಾಪಸ್ ಸಿಗಲಿಲ್ಲ.

ಆಮೇಲೆ ಒಳಗೆ ಏನು ಬರೆದಿದೆ ನೋಡಿ. ಬೆಟ್ಟಿಂಗ್ ಹಣದ ಕರಾರು ಅಸಿಂಧು. ಅಡುಗೆ ಭಟ್ಟರಿಗೆ ‘ಕೆಲಸ ಬಿಟ್ಟ ಮೇಲೆ ಎರಡು ವರ್ಷ ಮುಂಬೈಯಲ್ಲಿ ಎಲ್ಲೂ ದುಡಿಯಬಾರದು’ ಎಂದು ಹಾಕುವ ಷರತ್ತು 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ಹೊಟ್ಟೆಪಾಡಿಗೇ ಬೀಗ ಹಾಕುವ ಮಾತು ಅದು. ಕೆಲಸದಲ್ಲಿ ಇರುವಷ್ಟು ದಿನ ಬೇರೆ ಕಡೆ ದುಡಿಯಬಾರದು ಎನ್ನುವುದು ಬೇರೆ ವಿಷಯ, ಅದು ಸಾಮಾನ್ಯವಾಗಿ ನಡೆಯುತ್ತದೆ.

ಮೂರನೆಯದೇ ತುಂಬಾ ಜನ ಎಡವುವ ಜಾಗ. ನಿಮ್ಮ ಒಪ್ಪಿಗೆ ಹೇಗೆ ಬಂತು? ಹೆದರಿಸಿಯೋ, ಹಿರಿತನದ ಒತ್ತಡ ಹಾಕಿಯೋ, ಸುಳ್ಳು ಹೇಳಿಯೋ ಸಹಿ ತೆಗೆದುಕೊಂಡಿದ್ದರೆ ಕರಾರು ತಾನಾಗಿ ಸಾಯುವುದಿಲ್ಲ. ಅದು ‘ರದ್ದುಪಡಿಸಬಹುದಾದ’ ಕರಾರು. ಇಟ್ಟುಕೊಳ್ಳುವುದೋ ಬಿಡುವುದೋ ಮೋಸಹೋದವರ ಕೈಯಲ್ಲಿದೆ. ಬಿಡುವ ತನಕ ಅದು ನಡೆಯುತ್ತಲೇ ಇರುತ್ತದೆ.

ನನ್ನ ಬಂಧುವೊಬ್ಬರಿಗೆ ಆದದ್ದು ಇದೇ. ದಿನಕ್ಕೆ 20,000 ರೂಪಾಯಿ ವ್ಯಾಪಾರ ಎಂದು ಹೇಳಿ ಹೋಟೆಲು ಕೊಟ್ಟರು. ಗಲ್ಲಾಕ್ಕೆ ಬಿದ್ದದ್ದು ಅದರ ಅರ್ಧವೂ ಇಲ್ಲ. ಎರಡನೇ ವಾರದಲ್ಲೇ ಗೊತ್ತಾಯಿತು. ಆದರೂ ಸಂಕೋಚ, ಊರಿನವರಲ್ವಾ! ಏಳು ತಿಂಗಳು ಸುಮ್ನೆ ಹಣ ಕಟ್ಟಿದರು. ಕೊನೆಗೆ ವಕೀಲರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ಗೊತ್ತಾದ ಮೇಲೂ ನಡೆಸಿದಿರಲ್ಲ, ಒಪ್ಪಿಕೊಂಡ ಹಾಗಾಯಿತಲ್ಲವೇ?’ ಆ ಮಾತು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಮೋಸ ಗೊತ್ತಾದ ಕೂಡಲೇ ವಕೀಲರ ಮೂಲಕ ಬರವಣಿಗೆಯಲ್ಲಿ ನೋಟಿಸ್ ಕಳಿಸಿ. ಕರಾರು ರದ್ದು ಮಾಡಿದರೆ ನೀವು ಪಡೆದದ್ದನ್ನು ನೀವೂ ಹಿಂದಿರುಗಿಸಬೇಕು. ಪಾತ್ರೆ, ಗ್ರೈಂಡರ್, ಬೀಗದ ಕೈ ಎಲ್ಲದರ ಪಟ್ಟಿ ಮಾಡಿಡಿ. ಪತ್ರವನ್ನು ಕೋರ್ಟಿನಿಂದ ರದ್ದು ಮಾಡಿಸಲು ವಿಷಯ ತಿಳಿದ ದಿನದಿಂದ 3 ವರ್ಷ ಅವಕಾಶವಿದೆ, ಆದರೆ ಅಷ್ಟು ಕಾಯಬೇಡಿ.

19ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಎದುರಿನವರು ತಾವೂ ನಿಜವೆಂದು ನಂಬಿ ತಪ್ಪು ಹೇಳಿದ್ದರೆ, ಸಾಧಾರಣ ಎಚ್ಚರ ವಹಿಸಿ ಸತ್ಯ ತಿಳಿಯುವ ದಾರಿ ನಿಮಗಿದ್ದರೆ, ರದ್ದು ಮಾಡುವ ಹಕ್ಕು ಸಿಗುವುದಿಲ್ಲ. ಆದ್ದರಿಂದ ಡಿಪಾಜಿಟ್ ಕೊಡುವ ಮೊದಲು ಬಿಲ್ ಪುಸ್ತಕ, ಜಿಎಸ್‌ಟಿ ಲೆಕ್ಕ ಕೇಳಿ. ಒಂದು ವಾರ ಗಲ್ಲಾದ ಪಕ್ಕ ಕೂತು ನೋಡಿ. ಬಾಯಲ್ಲಿ ಹೇಳಿದ ವ್ಯಾಪಾರದ ಅಂಕಿಯನ್ನು ಕರಾರಿನಲ್ಲೇ ಬರೆಸಿ. ಮಾಲೀಕರು ಅದಕ್ಕೆ ಒಪ್ಪದಿದ್ದರೆ ಚೆಕ್ ಪುಸ್ತಕ ತೆರೆಯಬೇಡಿ.