ಮೈನಸ್ ಎಂಟು ಡಿಗ್ರಿಯಲ್ಲಿ ಮಗುವಿನ ನಿದ್ದೆ: ನನ್ನ ಅನುಭವ

ನಾವು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿದ್ದಾಗ, ಹೊರಗೆ ಮೈನಸ್ ಎಂಟು ಡಿಗ್ರಿ ಇರುವಾಗ ನಮ್ಮ ಮಗಳು ಬಾಲ್ಕನಿಯಲ್ಲಿ ಎರಡು ಗಂಟೆ ಗಾಢವಾಗಿ ಮಲಗುತ್ತಿದ್ದಳು. ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಈ ಮಾತನ್ನು ಮೊದಲು ಯಾರೂ ನಂಬಲಿಲ್ಲ. ನಂಬಿದ ಮೇಲೆ ಬೈದರು. ಹೆಲ್ಸಿಂಕಿಯಲ್ಲೇ ಇದ್ದ ಕನ್ನಡದ ಗೆಳೆಯರು ಕೂಡ 'ಅದು ಅಲ್ಲಿನವರ ಮಕ್ಕಳಿಗೆ ಸರಿ, ನಮ್ಮ ಮಕ್ಕಳಿಗೆ ಆಗಲ್ಲ' ಅಂದರು. ಆಗುತ್ತದೆ. ನಾವು ಮಾಡಿದ್ದೇವೆ. ಹಾಗೆ ಹೇಳಿದ ಮೂರ್ನಾಲ್ಕು ಮನೆಯವರು ಆಮೇಲೆ ಅದೇ ದಾರಿ ಹಿಡಿದರು. ಈಗ ನಾವು ಬೆಂಗಳೂರಿಗೆ ವಾಪಸ್ ಬಂದಿದ್ದೇವೆ. ಆದರೂ ಕೆನಡಾಕ್ಕೋ ಸ್ವೀಡನ್ನಿಗೋ ಕೂಸು ಕಟ್ಟಿಕೊಂಡು ಹೊರಟವರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಡೈಪರ್, ಬಾಟಲ್, ತೇಗಿಸುವುದು ಎಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಮಗಳು ಹುಟ್ಟಿದ್ದು 2022ರ ಸೆಪ್ಟೆಂಬರ್ ಕೊನೆಯಲ್ಲಿ. ಫಿನ್ಲೆಂಡಿನಲ್ಲಿ ಅದೇ ವರ್ಷ ಹೊಸ ರಜೆ ನಿಯಮ ಬಂದಿತ್ತು. ಅಪ್ಪನಿಗೆ 160 ದಿನ, ಅಮ್ಮನಿಗೆ 160 ದಿನ. ಜನವರಿಯಲ್ಲಿ ಹೆಂಡತಿ ಅರ್ಧ ದಿನದ ಕೆಲಸಕ್ಕೆ ಹೋಗತೊಡಗಿದಳು, ಮಗುವಿನ ಹಗಲು ಪೂರ್ತಿ ನನ್ನ ಪಾಲಿಗೆ ಬಂತು. ಎರಡು ಕೋಣೆಯ ಮನೆ. ಒಳಗೆ 21 ಡಿಗ್ರಿ, ಮೂರು ಪದರ ಗಾಜಿನ ಕಿಟಕಿ, ಮೂಗು ಒಣಗುವಂಥ ಗಾಳಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಒಂಬತ್ತೂಕಾಲಿನ ಮೇಲೆ ಬೆಳಕಾಗಿ ಮಧ್ಯಾಹ್ನ ಮೂರೂಕಾಲರೊಳಗೆ ಸೂರ್ಯ ಮುಳುಗುತ್ತದೆ. ಮಗು ಮನೆಯೊಳಗೆ ಅರ್ಧ ಗಂಟೆ ಮಲಗಿದರೆ ಜಾಸ್ತಿ. ಎದ್ದರೆ ಅಳು. ಸಂಜೆಯ ಹೊತ್ತಿಗೆ ಮೂವರಿಗೂ ಸಾಕಾಗಿ ಹೋಗುತ್ತಿತ್ತು.

ಹೊರಗೆ ಮಲಗಿಸಿ ಎಂದು ಹೇಳಿದ್ದು ನೆವೊಲಾದ ನರ್ಸ್. ನೆವೊಲಾ ಅಂದರೆ ಬಸುರಿಯರನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರ. ಅಲ್ಲಿ ಇದು ಹಳೆಯ ರೂಢಿ. ಆರ್ವೊ ಉಲ್ಪೊ ಎಂಬ ಮಕ್ಕಳ ಡಾಕ್ಟರು 1920ರ ದಶಕದಲ್ಲೇ ಇದನ್ನು ಜನರಿಗೆ ಹೇಳಿದ್ದರು. ಅವರು ಬದುಕಿದ್ದು 104 ವರ್ಷ. ನಮ್ಮ ಮನೆಯವರ ಜೊತೆ ವಾದ ಮಾಡುವಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ವಯಸ್ಸಿನ ಲೆಕ್ಕವೇ. ಔಲು ನಗರದ ಸಂಶೋಧಕರು 2008ರಲ್ಲಿ ಅಲ್ಲಿನ ತಂದೆ ತಾಯಿಯರನ್ನು ಕೇಳಿ ನೋಡಿದರು. ಮಕ್ಕಳು ಒಳಗಿಗಿಂತ ಹೊರಗೆ ಹೆಚ್ಚು ಹೊತ್ತು ಮಲಗುತ್ತಾರೆ, ಮೈನಸ್ ಐದರ ಆಸುಪಾಸು ಒಳ್ಳೆಯ ಹದ ಎಂದು ಹೆಚ್ಚಿನವರು ಹೇಳಿದ್ದರು. ನಮ್ಮ ಅನುಭವವೂ ಅದೇ.

ಆದರೆ ಮೊದಲ ತಿಂಗಳು ಏನೂ ಸರಿಹೋಗಲಿಲ್ಲ. ಬೆಂಗಳೂರಿನ ಮಾಲ್‌ನಲ್ಲಿ ಸುಮಾರು 12,000 ರೂಪಾಯಿ ಕೊಟ್ಟು ಕೊಂಡಿದ್ದ ಸ್ಟ್ರೋಲರ್ ಇತ್ತು. ಮಡಚಿದರೆ ಕಂಕುಳಲ್ಲಿ ಹಿಡಿಯುತ್ತಿತ್ತು. ನವೆಂಬರಿನ ಮೊದಲ ಹಿಮದಲ್ಲೇ ಅದರ ಆಟ ಮುಗಿಯಿತು. ಹಿಮ ಅರ್ಧ ಕರಗಿ ಕೆಸರಾದಾಗ ಸಣ್ಣ ಚಕ್ರಗಳು ಉರುಳುವುದೇ ಇಲ್ಲ. ಜಾರದಿರಲಿ ಎಂದು ಫುಟ್‌ಪಾತಿಗೆ ಸುರಿದ ಜಲ್ಲಿಪುಡಿ ಅಚ್ಚಿನೊಳಗೆ ಸೇರಿ ಕಿರ್ ಕಿರ್ ಅನ್ನುತ್ತದೆ. ಆಮೇಲೆ ಮಗುವನ್ನು ಎದೆಗೆ ಕಟ್ಟಿಕೊಂಡು ಜಾಕೆಟ್ ಹಾಕಿಕೊಂಡು ನಡೆದೆ. ಮಗು ಬೆಚ್ಚಗಿತ್ತು, ಆದರೆ ಮಂಜುಗಡ್ಡೆಯ ಮೇಲೆ ನನ್ನ ಕಾಲು ಜಾರಿದರೆ ಏನು ಗತಿ? ಮೊಳೆ ಇರುವ ಶೂ ಹಾಕಿದರೂ ಧೈರ್ಯ ಸಾಲಲಿಲ್ಲ. ಕೊನೆಗೆ ಎಮ್ಮಾಲ್ಯುಂಗಾ ಕಂಪನಿಯ ಸೆಕೆಂಡ್ ಹ್ಯಾಂಡ್ ಪ್ರಾಮ್, ಅಂದರೆ ಮಗುವನ್ನು ಮಲಗಿಸಿ ತಳ್ಳುವ ಗಾಡಿ, ಸಿಕ್ಕಿತು. ಸ್ವೀಡನ್ನಿನದು, ದೊಡ್ಡ ಗಾಳಿ ತುಂಬಿದ ಚಕ್ರ, ಮೇಲಿನ ತೊಟ್ಟಿಲನ್ನು ಬಿಡಿಸಿ ಎತ್ತಬಹುದು. 180 ಯೂರೋ ಕೊಟ್ಟ ನೆನಪು. ಆಗಿನ ಲೆಕ್ಕದಲ್ಲಿ 16,000 ರೂಪಾಯಿಗೆ ಹತ್ತಿರ. ಹೊರಡುವಾಗ 140ಕ್ಕೆ ಮಾರಿದೆ. ಅಂದರೆ ಅಷ್ಟು ದಿನದ ಬಾಡಿಗೆ ನಲವತ್ತು ಯೂರೋ!

ಬಟ್ಟೆಯದು ಇನ್ನೊಂದು ಕಥೆ. ಬೆಂಗಳೂರಿನಿಂದ ಸ್ವೆಟರ್, ಕುಲಾವಿ, ಕಾಲುಚೀಲ ಎಂದು ಒಂದು ಸೂಟ್‌ಕೇಸ್ ತುಂಬಿ ಕಳಿಸಿದ್ದರು. ಪ್ರೀತಿಯಿಂದ ಕಳಿಸಿದ್ದು. ಆದರೆ ಬಹುಪಾಲು ಅಕ್ರಿಲಿಕ್, ಒಳಗಿನದು ಹತ್ತಿ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಆ ಒದ್ದೆಯಿಂದಲೇ ಮಗುವಿಗೆ ಚಳಿ. ಐದು ಪದರ ಹಾಕಿದರೂ ಮೈ ತಣ್ಣಗೆ. ಮೈಗೆ ತಾಗುವ ಬಟ್ಟೆ ಮೆರಿನೋ ಉಣ್ಣೆಗೆ ಬದಲಾದ ದಿನದಿಂದ ಮೂರೇ ಪದರ ಸಾಕಾಯಿತು. ಒಳಗೆ ಮೆರಿನೋ, ಅದರ ಮೇಲೆ ತೆಳ್ಳನೆ ಫ್ಲೀಸ್, ಹೊರಗೆ ಮೈ ಪೂರ್ತಿ ಮುಚ್ಚುವ ಓವರಾಲ್. ಆಮೇಲೆ ಮಗುವನ್ನು ಒಳಗಿಟ್ಟು ಮಲಗಿಸುವ ಪ್ರಾಮಿನ ದಪ್ಪ ಚೀಲ.

ಹೊರಡುವಾಗ ನೀವು ಮೊದಲು ಶೂ, ಜಾಕೆಟ್ ಎಲ್ಲ ಹಾಕಿಕೊಳ್ಳಿ, ಮಗುವಿಗೆ ಕೊನೆಗೆ ಹಾಕಿ. ಮಗುವಿಗೆ ಮೊದಲು ಹಾಕಿ ನೀವು ಕೀ ಹುಡುಕುತ್ತಾ ನಿಂತರೆ ಅಷ್ಟರಲ್ಲೇ ಅದು ಬೆವರಿರುತ್ತದೆ. ಕೈ ಮುಟ್ಟಿ ನೋಡಿ ಹೆದರಬೇಡಿ. ಕೈ ಕೆನ್ನೆ ಸ್ವಲ್ಪ ತಣ್ಣಗಿರುವುದು ಸಹಜ. ಬೆರಳನ್ನು ಕತ್ತಿನ ಹಿಂದೆ ತೂರಿಸಿ ನೋಡಿ. ಬೆಚ್ಚಗೆ, ಒಣಗಿದ್ದರೆ ಸರಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಟ್ರಾಮ್ ಹತ್ತಿದರೆ, ಲೈಬ್ರರಿ ಹೊಕ್ಕರೆ ಜಿಪ್ಪು ತಕ್ಷಣ ತೆಗೆಯಬೇಕು. ಟ್ಯಾಕ್ಸಿಯಲ್ಲಿ ಕಾರ್ ಸೀಟಿನ ಬೆಲ್ಟಿನ ಕೆಳಗೆ ದಪ್ಪ ಓವರಾಲ್ ಇರಲೇಬಾರದು, ಬೆಲ್ಟ್ ಬಿಗಿಯಾಗಿ ಕೂರುವುದಿಲ್ಲ. ತೆಳು ಬಟ್ಟೆಯಲ್ಲಿ ಬೆಲ್ಟ್ ಹಾಕಿ, ಮೇಲೆ ಹೊದಿಕೆ ಹೊದಿಸಿ.

ನಮ್ಮ ದಿನದ ಲೆಕ್ಕ ಹೀಗಿತ್ತು. ಹತ್ತೂವರೆಗೆ ಹಾಲು. ಹನ್ನೊಂದಕ್ಕೆ ಹೊರಗೆ. ಅರ್ಧ ಗಂಟೆ ತಳ್ಳಿದರೆ ನಿದ್ದೆ. ವಾಪಸ್ ಬಂದು ಪ್ರಾಮಿನ ಗಾಡಿಯನ್ನು ಕೆಳಗಿನ ಪ್ರಾಮ್ ಕೋಣೆಯಲ್ಲಿ ಬಿಟ್ಟು, ತೊಟ್ಟಿಲನ್ನು ಮಾತ್ರ ಎತ್ತಿ ಬಾಲ್ಕನಿಗೆ. ಅಲ್ಲಿಂದ ಒಂದೂವರೆ ಗಂಟೆ, ಕೆಲವು ದಿನ ಎರಡು ಗಂಟೆಗೂ ಮೇಲೆ. ಲಿಫ್ಟು, ಬಾಗಿಲು, ಹೊಸ್ತಿಲು ಇಷ್ಟನ್ನೂ ದಾಟುವಾಗ ಮಗು ಏಳದಂತೆ ಮಾಡುವ ಕೈಚಳಕ ಒಂದಿದೆ. ಅದಕ್ಕೆ ನಾನು ತಿಂಗಳುಗಟ್ಟಲೆ ಒದ್ದಾಡಿದ್ದೇನೆ, ಬರೆದು ಕೊಡುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಕಾವಲು ಮಾತ್ರ ಬಿಡಬೇಡಿ. ಮಗು ಅಂಗಾತ ಮಲಗಿರಬೇಕು. ಮುಖದ ಹತ್ತಿರ ಸಡಿಲ ಬಟ್ಟೆ ಇರಬಾರದು. ಪ್ರಾಮಿನ ಬಾಯಿಗೆ ಕಂಬಳಿ ಮುಚ್ಚಬಾರದು. ಬೇಬಿ ಮಾನಿಟರ್ ಆನ್ ಇದ್ದರೂ ನಾನು ಕಾಲು ಗಂಟೆಗೊಮ್ಮೆ ಬಾಗಿಲು ತೆಗೆದು ಉಸಿರು ನೋಡುತ್ತಿದ್ದೆ. ಮೈನಸ್ ಹತ್ತಕ್ಕಿಂತ ಕೆಳಗೆ ಹೋದರೆ, ಗಾಳಿ ಜೋರಿದ್ದರೆ, ಮಗುವಿಗೆ ಜ್ವರ ಇದ್ದರೆ ಆ ದಿನ ಒಳಗೇ. ಹೆಲ್ಸಿಂಕಿ ಸಮುದ್ರದ ಪಕ್ಕದ ಊರು. ಅಲ್ಲಿ ಮೈನಸ್ ಮೂರರ ಜೊತೆ ಗಾಳಿ ಬೀಸಿದರೆ ಗಾಳಿಯಿಲ್ಲದ ಮೈನಸ್ ಎಂಟಕ್ಕಿಂತ ಕಷ್ಟ.

ಅತ್ತೆ ಹೆರಿಗೆಗೆಂದು ಮೂರು ತಿಂಗಳ ವೀಸಾದಲ್ಲಿ ಬಂದಿದ್ದರು. ಶುರುವಿನಲ್ಲಿ ಬಾಲ್ಕನಿ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು. ಅವರಿಗೆಂದೇ ಒಂದು ಪ್ರಯೋಗ ಮಾಡಿದೆ. ತಂತಿ ಇರುವ ಸಣ್ಣ ಥರ್ಮಾಮೀಟರ್ ತಂದು, ಅದರ ತುದಿಯನ್ನು ಮಗುವಿನ ಕಾಲ ಹತ್ತಿರ ಚೀಲದೊಳಗೆ ಇಟ್ಟೆ. ಹೊರಗೆ ಮೈನಸ್ ಆರೋ ಏಳೋ, ಚೀಲದೊಳಗೆ ಇಪ್ಪತ್ತರ ಮೇಲೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಮರುದಿನ ತಾವೇ 'ಹನ್ನೊಂದಾಯ್ತು, ಕರ್ಕೊಂಡು ಹೋಗಲ್ವಾ?' ಅಂದರು. ಆಮೇಲೆ ಅಲ್ಲಿನ ಉಣ್ಣೆಯ ನೂಲು ತರಿಸಿಕೊಂಡು ಕಾಲುಚೀಲ ಹೆಣೆದರು. ಅಂಗಡಿಯ ಯಾವ ಕಾಲುಚೀಲವೂ ಅದಕ್ಕೆ ಸಮ ಬರಲಿಲ್ಲ.

ಹೊರಗೆ ಹೋಗುವುದಕ್ಕೆ ಖರ್ಚೇ ಇಲ್ಲ ಅನ್ನಬಹುದು. ನಾವಿದ್ದಾಗ ಹೆಲ್ಸಿಂಕಿಯಲ್ಲಿ ಪ್ರಾಮಿನಲ್ಲಿ ಮಗು ಇದ್ದರೆ ತಳ್ಳುವವರಿಗೆ ಬಸ್ಸು, ಟ್ರಾಮ್, ಮೆಟ್ರೊ ಎಲ್ಲ ಉಚಿತವಾಗಿತ್ತು. ತಿಂಗಳ ಪಾಸಿನ 60 ಚಿಲ್ಲರೆ ಯೂರೋ ನನಗೆ ಉಳಿಯಿತು. ಕತ್ತಲಿರುವುದರಿಂದ ಪ್ರಾಮಿಗೂ ನನ್ನ ಜಾಕೆಟ್ಟಿಗೂ ಹೊಳೆಯುವ ರಿಫ್ಲೆಕ್ಟರ್ ನೇತುಹಾಕಿದ್ದೆ. ತುಂಬಾ ಚಳಿಯಾದರೆ ನಗರದ ನಡುವಿನ 'ಓದಿ' ಎಂಬ ಹೆಸರಿನ ಲೈಬ್ರರಿ. 2018ರಲ್ಲಿ ತೆರೆದದ್ದು. ಮೇಲಿನ ಮಹಡಿಯಲ್ಲಿ ಮಕ್ಕಳ ಜಾಗ, ಪ್ರಾಮುಗಳ ಸಾಲೇ ಸಾಲು. ಅಲ್ಲೇ ನನಗೆ ಇಬ್ಬರು ಫಿನ್ನಿಶ್ ಅಪ್ಪಂದಿರ ಪರಿಚಯವಾಯಿತು. ಬಡಾವಣೆಯ ಲೇಕಿಪುಯಿಸ್ತೊ, ಅಂದರೆ ನಗರಸಭೆಯ ಆಟದ ಪಾರ್ಕು, ಅಲ್ಲೂ ಬೆಚ್ಚನೆ ಕೋಣೆ ಇರುತ್ತದೆ. ದುಡ್ಡು ಕೇಳುವುದಿಲ್ಲ. ಮನೆಯಲ್ಲಿ ಒಬ್ಬರೇ ಮಗು ನೋಡಿಕೊಂಡು ಬೇಸತ್ತವರು ಅಲ್ಲಿ ಹೋಗಿ ಕೂರಲೇಬೇಕು.

ಖರ್ಚಿನ ಮಾತು ಬಂತು, ಇದನ್ನೂ ಹೇಳುತ್ತೇನೆ. ಅಲ್ಲಿನ ಸಾಮಾಜಿಕ ವಿಮೆಯ ಕೇಲಾ ಸಂಸ್ಥೆ ಪ್ರತಿ ತಾಯಿಗೂ ಒಂದು ಪೆಟ್ಟಿಗೆ ಕೊಡುತ್ತದೆ. 1938ರಲ್ಲಿ ಶುರುವಾದದ್ದು, 1949ರಿಂದ ಬಡವರು ಶ್ರೀಮಂತರು ಎನ್ನದೆ ಎಲ್ಲರಿಗೂ. ಪೆಟ್ಟಿಗೆ ಬೇಡ ಅಂದರೆ 170 ಯೂರೋ ಹಣ. ಗೆಳೆಯರೊಬ್ಬರು ಹಣ ತಗೊಂಡರು. ಆಮೇಲೆ ಅದೇ ಓವರಾಲ್, ಮಲಗುವ ಚೀಲ, ಒಳ ಉಡುಪು ಅಂಗಡಿಯಲ್ಲಿ ಕೊಂಡು 300 ದಾಟಿಸಿದರು. ಪೆಟ್ಟಿಗೆಯನ್ನೇ ತಗೊಳ್ಳಿ. ಉಳಿದದ್ದಕ್ಕೆ ಹಳೆ ಸಾಮಾನಿನ ಅಂಗಡಿಗಳಿವೆ. ಮೆರಿನೋ ಜೋಡಿ ಹತ್ತು ಹನ್ನೆರಡು ಯೂರೋ, ಓವರಾಲ್ ಇಪ್ಪತ್ತು. ಪ್ರಾಮೂ ಸೇರಿ ನಮ್ಮ ಮೊದಲ ಚಳಿಗಾಲದ ಒಟ್ಟು ಖರ್ಚು 350 ಯೂರೋ ಮೀರಲಿಲ್ಲ.

ಮನೆಯೊಳಗಿನ ಪ್ರಯೋಗಗಳಲ್ಲಿ ಕೆಲವು ಗೆದ್ದವು. ಎಣ್ಣೆ ಸ್ನಾನವನ್ನು ಸಂಜೆಗೆ ಬದಲಿಸಿದೆವು, ಸ್ನಾನ ಆದ ಕೂಡಲೇ ಹೊರಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ತೆಂಗಿನೆಣ್ಣೆ 21 ಡಿಗ್ರಿಯಲ್ಲಿ ಗಟ್ಟಿಯಾಗಿರುತ್ತದೆ, ಬಟ್ಟಲನ್ನು ರೇಡಿಯೇಟರ್ ಮೇಲೆ ಇಟ್ಟರೆ ಹತ್ತು ನಿಮಿಷದಲ್ಲಿ ಕರಗುತ್ತದೆ. ಸಾಂಬ್ರಾಣಿ ಹೊಗೆ ಸೋತಿತು. ಪ್ರತಿ ಮನೆಯಲ್ಲೂ ಹೊಗೆಯ ಅಲಾರಾಂ ಕಡ್ಡಾಯ, ಅದು ಕಟ್ಟಡವೆಲ್ಲ ಕೇಳುವಂತೆ ಕೂಗಿತು. ಕೂಸಿನ ಶ್ವಾಸಕ್ಕೆ ಹೊಗೆ ಬೇಡವೇ ಬೇಡ ಎಂದು ನರ್ಸ್ ಕೂಡ ಹೇಳಿದರು. ಬಿಟ್ಟೆವು. ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಹನಿ ಮಾತ್ರ ತಪ್ಪಿಸಲಿಲ್ಲ. ಆ ಬೆಳಕಿನಲ್ಲಿ ಎಷ್ಟು ಸುತ್ತಿದರೂ ಮೈಗೆ ವಿಟಮಿನ್ ಡಿ ಸಿಗುವುದಿಲ್ಲ.

ಆ ಚಳಿಗಾಲ ಕರೆಂಟಿನ ದರ ಸಿಕ್ಕಾಪಟ್ಟೆ ಏರಿತ್ತು. ಮನೆಯ ಬಿಸಿಯನ್ನು ಒಂದು ಡಿಗ್ರಿ ಇಳಿಸಿ ಎಂದು ದೇಶಕ್ಕೇ ಪ್ರಚಾರ ನಡೆದಿತ್ತು. ನಾವು ಡ್ರೈಯರ್ ಮುಟ್ಟಲಿಲ್ಲ. ಲಂಗೋಟಿಗಳನ್ನು ಒಗೆದು ಮಲಗುವ ಕೋಣೆಯಲ್ಲೇ ಹರವಿದೆವು. ರಾತ್ರಿಯೊಳಗೆ ಒಣಗುತ್ತಿದ್ದವು, ಕೋಣೆಯ ತೇವ 20ರಿಂದ 30 ಪರ್ಸೆಂಟಿಗೆ ಏರುತ್ತಿತ್ತು. ಮಗುವಿನ ಮೂಗು ಕಟ್ಟುವುದು ಅರ್ಧಕ್ಕರ್ಧ ಕಡಿಮೆಯಾಯಿತು.

ಅದೇ ಒಣ ಗಾಳಿ ರಾಗಿಗೆ ವರವಾಯಿತು. ಮಾರ್ಚ್ ಕೊನೆಗೆ ಮಗುವಿಗೆ ಆರು ತಿಂಗಳು ತುಂಬುತ್ತದೆ, ರಾಗಿ ಸರಿ ಬೇಕು. ಹೆಲ್ಸಿಂಕಿಯ ಹಕಾನಿಯೆಮಿ ಬಡಾವಣೆಯ ಏಷ್ಯನ್ ಅಂಗಡಿಯಲ್ಲಿ ರಾಗಿ ಕಾಳು ಸಿಕ್ಕಿತು, ಕಿಲೋಗೆ ನಾಲ್ಕೈದು ಯೂರೋ. ಮೊದಲ ಸಲ ಮೊಳಕೆ ಗಂಟನ್ನು ಅಡುಗೆ ಕಟ್ಟೆಯ ಮೇಲೆ ಇಟ್ಟೆ. ಮೊಳಕೆ ಬರುವ ಮೊದಲೇ ಹುಳಿ ವಾಸನೆ. ಎರಡನೇ ಸಲ ರೇಡಿಯೇಟರ್ ಮೇಲೆ ಇಟ್ಟೆ, ಹೊರಗಿನ ಕಾಳು ಒಣಗಿ ಹೋಯಿತು. ಆಮೇಲೆ ರೇಡಿಯೇಟರಿಗೂ ಗಂಟಿಗೂ ನಡುವೆ ಒಂದು ಮರದ ಹಲಗೆ ಇಟ್ಟು, ಬಟ್ಟೆಯನ್ನು ದಿನಕ್ಕೆ ಮೂರು ಸಲ ಒದ್ದೆ ಮಾಡಿದೆ. ಒಂದೂವರೆ ದಿನದಲ್ಲಿ ಚೆಂದದ ಬಿಳಿ ಮೊಳಕೆ. ಒಣಗಿಸಲು ಬಿಸಿಲೇ ಬೇಡ, ತಟ್ಟೆಯಲ್ಲಿ ಹರವಿದರೆ ಮರುದಿನ ಗರಿಗರಿ. ಹುರಿದು, ಮಿಕ್ಸಿಯಲ್ಲಿ ಪುಡಿ ಮಾಡಿ, ಪಂಚೆಯಲ್ಲಿ ಜರಡಿ ಹಿಡಿದರೆ ಆಯಿತು. ಹುರಿಯುವ ಹದ ಅಮ್ಮ ಹೇಳಿಕೊಟ್ಟದ್ದು, ಅದನ್ನು ಮಾತ್ರ ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ. ನಮ್ಮ ರಾಗಿ ಹಿಟ್ಟು ಹೆಲ್ಸಿಂಕಿಯ ನಾಲ್ಕಾರು ಕನ್ನಡದ ಮನೆಗಳಿಗೆ ಹೋಗಿದೆ.

ಎರಡನೆಯವನು ಬೆಂಗಳೂರಿನಲ್ಲೇ ಹುಟ್ಟಿದ. ಕಳೆದ ಡಿಸೆಂಬರಿನಲ್ಲಿ ಇಲ್ಲೂ ಹೊರಗೆ ಮಲಗಿಸಿದೆವು. ಬೆಳಿಗ್ಗೆ 15–16 ಡಿಗ್ರಿ, ಮಧ್ಯಾಹ್ನ 27ರ ಹತ್ತಿರ. ಈ ಊರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ಮಗುವಿಗೆ ತೊಂದರೆ ಕೊಡುವುದು ಚಳಿಯಲ್ಲ. ಧೂಳು, ಸೊಳ್ಳೆ, ಹಾರ್ನ್. ನಡು ಮಧ್ಯಾಹ್ನವೂ ಸ್ವೆಟರ್, ಮಂಕಿ ಟೋಪಿ ತೊಡಿಸಿ ಬೆವರುಸಾಲೆ ಬರಿಸಿಕೊಂಡ ಮಕ್ಕಳನ್ನು ನಮ್ಮ ರಸ್ತೆಯಲ್ಲೇ ನೋಡಿದ್ದೇನೆ. ನಮ್ಮವನಿಗೆ ನಾನು ಹಾಕಿಕೊಂಡದ್ದಕ್ಕಿಂತ ಒಂದು ತೆಳು ಹತ್ತಿ ಪದರ ಜಾಸ್ತಿ, ಅಷ್ಟೇ. ಪ್ರಾಮ್ ನಮ್ಮ ಫುಟ್‌ಪಾತಿನಲ್ಲಿ ನಡೆಯುವುದಿಲ್ಲ. ಲಾಲ್‌ಬಾಗಿನವರೆಗೆ ಆಟೋ, ಒಳಗೆ ಎದೆಗೆ ಕಟ್ಟಿಕೊಂಡು ನಡಿಗೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಅಲ್ಲಿ ಸ್ಟ್ರೋಲರ್ ಚೆನ್ನಾಗಿ ಓಡುತ್ತದೆ. ಮಿಕ್ಕ ದಿನ ಮನೆಯ ತಾರಸಿ, ಸೊಳ್ಳೆ ಪರದೆಯೊಳಗೆ ತೊಟ್ಟಿಲು. ಒಂದೂವರೆ ಗಂಟೆ ಖಂಡಿತ. 'ಪಾಪ, ಸ್ವೆಟರ್ ಇಲ್ವಾ ಮಗೂಗೆ?' ಎಂದು ಕೇಳುವವರಿಗೆ ಅತ್ತೆಯೇ ಉತ್ತರ ಕೊಡುತ್ತಾರೆ, ಥರ್ಮಾಮೀಟರಿನ ಕಥೆಯನ್ನೂ ಸೇರಿಸಿ.

ಈ ನವೆಂಬರಿನಲ್ಲಿ ಹೊರಡುವವರು ಸೂಟ್‌ಕೇಸಿನಲ್ಲಿ ಸ್ವೆಟರ್ ತುಂಬಬೇಡಿ, ಸ್ಟ್ರೋಲರ್ ಕೊಳ್ಳಬೇಡಿ. ಆ ತೂಕದಲ್ಲಿ ಎರಡು ಕಿಲೋ ಮೊಳಕೆ ಕಟ್ಟಿದ ರಾಗಿ ಹಿಟ್ಟು, ಎರಡು ಡಜನ್ ಲಂಗೋಟಿ, ಮೂರು ಹಳೆಯ ಪಂಚೆ ಇಟ್ಟುಕೊಳ್ಳಿ. ಪಂಚೆ ಹೊಸದಾದರೆ ನೀರು ಹೀರುವುದಿಲ್ಲ, ನಾಲ್ಕಾರು ಸಲ ಒಗೆದದ್ದೇ ಆಗಬೇಕು.