ಬಾಯ್ಲರಿನ ಒತ್ತಡ ಪದೇ ಪದೇ ಇಳಿಯುತ್ತಿದ್ದರೆ: ಬ್ರಿಟನ್ನಿನಲ್ಲಿ ಮನೆ ಮಾಡಿದ ಕರಾವಳಿಯವರಿಗೆ

ಉಡುಪಿ, ಮಂಗಳೂರಿನ ನಮ್ಮ ಬಚ್ಚಲುಗಳಲ್ಲಿ ತೆಂಗಿನ ಸಿಪ್ಪೆ, ಮಡಲು ಉರಿಸಿ ಹಂಡೆಯ ನೀರು ಕಾಯಿಸುವಾಗ, ಕಾದ ನೀರು ಹಿಗ್ಗುತ್ತದೆಂಬುದನ್ನು ಯಾರೂ ಲೆಕ್ಕಿಸಬೇಕಿರಲಿಲ್ಲ. ಹಂಡೆಯ ಬಾಯಿ ತೆರೆದೇ ಇರುತ್ತಿತ್ತು. ಇಲ್ಲಿ ನೀರು ಕಾಯಿಸುವ ಬಾಯ್ಲರಿಗೂ ಕೋಣೆ ಬೆಚ್ಚಗಿಡುವ ರೇಡಿಯೇಟರುಗಳಿಗೂ ನಡುವೆ ಸುತ್ತುವ ನೀರು ಮುಚ್ಚಿದ ಕೊಳವೆಗಳೊಳಗಿರುತ್ತದೆ. 10 ಡಿಗ್ರಿಯಿಂದ 80 ಡಿಗ್ರಿಗೆ ಕಾಯುವಾಗ ಅದು ಸುಮಾರು ಶೇ. 3ರಷ್ಟು ಹಿಗ್ಗುತ್ತದೆ. ಆ ಹೆಚ್ಚುವರಿ ನೀರಿಗೆ ಜಾಗ ಕೊಡುವುದೇ ಎಕ್ಸ್‌ಪ್ಯಾನ್ಶನ್ ಟ್ಯಾಂಕ್: ನಡುವೆ ರಬ್ಬರಿನ ಪೊರೆ, ಒಂದು ಬದಿಗೆ ನೀರು, ಮತ್ತೊಂದು ಬದಿಗೆ ಒತ್ತಿ ತುಂಬಿದ ಗಾಳಿ.

ತಣ್ಣಗಿರುವಾಗ 1 ಬಾರ್ (ಒತ್ತಡದ ಅಳತೆ) ತೋರಿಸುವ ಮಾಪಕದ ಮುಳ್ಳು, ಹೀಟಿಂಗ್ ಹಾಕಿದೊಡನೆ 3ರತ್ತ ಏರಿ, ಸುರಕ್ಷಾ ವಾಲ್ವು ತೆರೆದು ಹೊರಗೋಡೆಯ ತಾಮ್ರದ ಕೊಳವೆಯಿಂದ ನೀರು ತೊಟ್ಟಿಕ್ಕಿ, ಆರಿದ ಮೇಲೆ ಸೊನ್ನೆಯ ಹತ್ತಿರ ಬಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಈ ಟ್ಯಾಂಕನ್ನು. ನಮ್ಮವರು ಹೆಚ್ಚಾಗಿ ನಲ್ಲಿಯ ನೀರನ್ನು ಈ ಕೊಳವೆಗಳಿಗೆ ಬಿಡುವ ಫಿಲ್ಲಿಂಗ್ ಲೂಪ್ ತಿರುಗಿಸಿ ಮತ್ತೆ ನೀರು ತುಂಬಿಸಿ ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡುತ್ತಲೇ ಇರಬೇಡಿ. ಪ್ರತಿ ಸಲದ ಹೊಸ ನೀರಿನೊಂದಿಗೆ ಆಮ್ಲಜನಕವೂ ಒಳಸೇರಿ, ಉಕ್ಕಿನ ರೇಡಿಯೇಟರುಗಳು ಒಳಗಿನಿಂದಲೇ ತುಕ್ಕು ಹಿಡಿದು, ತಳದಲ್ಲಿ ಕಪ್ಪು ಕೆಸರು ಕಟ್ಟುತ್ತದೆ.

ಟ್ಯಾಂಕಿನ ಗಾಳಿಯ ವಾಲ್ವು ಕಾರಿನ ಟಯರಿನದರಂತೆಯೇ ಇರುತ್ತದೆ. ಅದರ ಪಿನ್ನನ್ನು ಕ್ಷಣಕಾಲ ಒತ್ತಿದಾಗ ನೀರು ಬಂದರೆ ಪೊರೆ ಹರಿದಿದೆ, ಟ್ಯಾಂಕನ್ನೇ ಬದಲಿಸಬೇಕು. ನೀರು ಬರದಿದ್ದರೆ ಗಾಳಿ ಕಡಿಮೆಯಾಗಿರಬಹುದು. ಅದನ್ನು ಅಳೆಯುವ ಮುನ್ನ ಬಾಯ್ಲರ್ ಆರಿಸಿ, ತಣಿಸಿ, ನೀರಿನ ಒತ್ತಡವನ್ನು ಪೂರ್ತಿ ಸೊನ್ನೆಗಿಳಿಸಲೇಬೇಕು. ಇಲ್ಲವಾದರೆ ಮಾಪಕ ತೋರಿಸುವುದು ಪೊರೆಯನ್ನು ಆಚೆಯಿಂದ ಒತ್ತುತ್ತಿರುವ ನೀರಿನ ಒತ್ತಡವನ್ನು. ಆಮೇಲೆ ತಯಾರಕರು ಹೇಳಿದಷ್ಟು, ಸಾಮಾನ್ಯವಾಗಿ 0.75ರಿಂದ 1 ಬಾರ್, ಗಾಳಿ ಹೊಡೆಯಬೇಕು. ಟ್ಯಾಂಕ್ ಬಾಯ್ಲರಿನ ಒಳಗೇ ಇದ್ದರೆ ಕವಚ ಬಿಚ್ಚಬೇಡಿ, ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಯಿರಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರೆದು ತಿಳಿಸಿ, ದುರಸ್ತಿ ಅವರ ಹೊಣೆ.

ಡಿಸೆಂಬರಿನಲ್ಲೂ ಫ್ಯಾನ್ ಹಾಕಿಕೊಂಡು ಮಲಗುವ ಊರಿನಿಂದ ಅಪ್ಪ ಅಮ್ಮ ಬರುತ್ತಾರೆಂದು ನಾವು ಕೋಣೆ ಕಟ್ಟಿಸಿ ರೇಡಿಯೇಟರ್ ಹೆಚ್ಚಿಸುತ್ತೇವೆ, ಆದರೆ ಟ್ಯಾಂಕಿನ ಅಳತೆಯನ್ನು ಮರೆಯುತ್ತೇವೆ. ಒಟ್ಟು 100 ಲೀಟರ್ ನೀರಿದ್ದರೆ ಹಿಗ್ಗುವುದು 3 ಲೀಟರ್. ತಣ್ಣಗಿರುವಾಗ 1 ಬಾರ್, ಕಾದಾಗ ಹೆಚ್ಚೆಂದರೆ 2.5 ಬಾರ್ ಎಂದಿಟ್ಟುಕೊಂಡು, ವಾತಾವರಣದ ಒಂದು ಬಾರ್ ಎರಡಕ್ಕೂ ಕೂಡಿಸಿದರೆ 2 ಮತ್ತು 3.5. ಎರಡನ್ನು ಮೂರೂವರೆಯಿಂದ ಭಾಗಿಸಿ ಒಂದರಲ್ಲಿ ಕಳೆದರೆ ಸುಮಾರು 0.43, ಮೂರು ಲೀಟರನ್ನು ಅದರಿಂದ ಭಾಗಿಸಿದರೆ 7 ಲೀಟರ್: ಟ್ಯಾಂಕ್ ಕನಿಷ್ಠ ಅಷ್ಟಿರಬೇಕು. ಅದಕ್ಕಿಂತ ದೊಡ್ಡದನ್ನು ಹಾಕಿಸಿದರೆ ತೊಂದರೆಯಿಲ್ಲ, ಚಿಕ್ಕದು ಬೇಡ. ಚಳಿ ಹತ್ತುವ ಮೊದಲೇ, ಸೆಪ್ಟೆಂಬರಿನಲ್ಲಿ, ಈ ಕೆಲಸ ಮುಗಿಸಿಕೊಳ್ಳಿ.